ಅಪ್ಪನ ಅಂಗಡಿ ಮತ್ತು ಒಂದೇ ಟಿಕ್

2021ರ ಏಪ್ರಿಲ್ 27ರಿಂದ ದಿನಸಿ ಅಂಗಡಿಗಳಿಗೆ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅನುಮತಿ ಎಂದಾಯಿತು. ವಿಜಯನಗರದ ನಮ್ಮ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ವ್ಯಾಪಾರ ಆಗುತ್ತಿದ್ದುದೇ ಸಂಜೆ ಐದರ ಮೇಲೆ. ಬಾಡಿಗೆ ಮಾತ್ರ ನಿಲ್ಲಲಿಲ್ಲ. ಹೋಂ ಡೆಲಿವರಿಗೆ ಅಡ್ಡಿ ಇಲ್ಲವಲ್ಲ ಎಂದು ಅಪ್ಪನ ಫೋನಿಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿದೆ. ಚಕ್ಕುಲಿ, ಕೊಡುಬಳೆ, ನಿಪ್ಪಟ್ಟಿನ ಫೋಟೊ ತೆಗೆದು ಕ್ಯಾಟಲಾಗ್ ಮಾಡಿದೆ. ಸಾಲದ ಪುಸ್ತಕದಲ್ಲಿದ್ದ ನಂಬರುಗಳಿಗೆಲ್ಲ ಬ್ರಾಡ್‌ಕಾಸ್ಟ್ ಕಳಿಸಿದೆ. ಒಂದು ಪಟ್ಟಿಗೆ 256 ಜನರ ಮಿತಿ. ನಮ್ಮಲ್ಲಿ ಅಷ್ಟು ಇರಲೇ ಇಲ್ಲ.

ಬಹುಪಾಲು ಒಂದೇ ಟಿಕ್. ‘ಜನ ಊರಿಗೆ ಹೋಗಿದಾರೆ ಬಿಡು’ ಎಂದರು ಅಪ್ಪ. ಕಾರಣ ಅದಲ್ಲ. ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಬ್ರಾಡ್‌ಕಾಸ್ಟ್ ತಲುಪುತ್ತದೆ. ಇಪ್ಪತ್ತು ವರ್ಷದ ಗಿರಾಕಿಗಳ ಫೋನಿನಲ್ಲಿ ಅಪ್ಪನ ನಂಬರೇ ಇರಲಿಲ್ಲ! ಅಂಗಡಿ ರಸ್ತೆ ಮೂಲೆಯಲ್ಲೇ ಇರುವಾಗ ಯಾರಿಗೆ ಬೇಕಿತ್ತು?

ಅಮ್ಮ ಪ್ರತಿ ಪೊಟ್ಟಣಕ್ಕೂ ‘ಈ ನಂಬರ್ ಸೇವ್ ಮಾಡಿಕೊಳ್ಳಿ’ ಎಂಬ ಚೀಟಿ ಅಂಟಿಸಿದಳು. ಅಪ್ಪ ಒಬ್ಬೊಬ್ಬರಿಗೂ ಫೋನ್ ಮಾಡಿ, ‘ಮನೇಲಿ ಎಲ್ಲ ಹುಷಾರಾಗಿದೀರಾ ಸಾರ್?’ ಎಂದು ವಿಚಾರಿಸಿದರು. ಇಬ್ಬರ ಮನೆಯಲ್ಲಿ ಹುಷಾರಾಗಿರಲಿಲ್ಲ. ಅಲ್ಲಿ ವ್ಯಾಪಾರದ ಮಾತೆತ್ತಲಿಲ್ಲ. ಆ ಫೋನುಗಳಿಂದ ಬಂದಷ್ಟು ಆರ್ಡರ್ ನನ್ನ ಫೋಟೊಗಳಿಂದ ಬರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ನಾನು ಮಾಡಿದ ಇನ್ನೊಂದು ಎಡವಟ್ಟು, ಕೆಂಗೇರಿಯ 80 ರೂಪಾಯಿ ಆರ್ಡರಿಗೆ ಸ್ಕೂಟರ್ ಹತ್ತಿ ಹೊರಟಿದ್ದು. ಲಾಭವೆಲ್ಲ ಪೆಟ್ರೋಲಿಗೇ ಹೋಯಿತು. ಆಮೇಲೆ ಕೆಂಗೇರಿಗೆ ಶನಿವಾರ ಮಾತ್ರ, ಅದೂ ಐದು ಆರ್ಡರ್ ಸೇರಿದರೆ ಎಂದು ಮೊದಲೇ ಹೇಳತೊಡಗಿದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಅಕ್ಕಪಕ್ಕದವರನ್ನು ಅವರೇ ಸೇರಿಸಿದರು.

ಜುಲೈಯಲ್ಲಿ ಸಂಜೆ ವ್ಯಾಪಾರ ಮರಳಿತು. ಶನಿವಾರದ ಟ್ರಿಪ್ ಮಾತ್ರ ಬಿಟ್ಟಿಲ್ಲ; ಆ ಮೂರು ತಿಂಗಳ ಬಾಡಿಗೆಯಲ್ಲಿ ಒಂದು ತಿಂಗಳದ್ದು ಇನ್ನೂ ಬಾಕಿಯಿದೆ.