ಮೆಟ್ಟಿಲು ಎಷ್ಟದಾವ್ರೀ?

ಇಟಲಿಯಲ್ಲಿ ವೀಲ್‌ಚೇರ್‌ನಲ್ಲಿ ಮ್ಯೂಸಿಯಂ ನೋಡಹೊರಟವರು ಕಲಿತಿರಬೇಕಾದ ಪ್ರಶ್ನೆಯೊಂದಿದೆ: ‘ಚೆ ಉನಾ ರಾಂಪಾ?’ ರ‍್ಯಾಂಪ್ ಇದೆಯೇ ಎಂದು. ಅಲ್ಲಿನ ಸರ್ಕಾರಿ ಮ್ಯೂಸಿಯಂಗಳಲ್ಲಿ ಅಂಗವಿಕಲರಿಗೂ ಜೊತೆಗೆ ಬಂದ ಒಬ್ಬರಿಗೂ ಟಿಕೆಟ್ ಇಲ್ಲ.

ಹಾವೇರಿ ಸೀಮೆಯಲ್ಲಿ ಕೇಳಿದರೆ ಉತ್ತರ ಬೇರೆ ಬಗೆಯದು. ‘ಬರ್ರಿ, ನಾಲ್ಕು ಮಂದಿ ಕೂಡಿ ಎತ್ತಿ ಒಳಗ ಇಡ್ತೀವಿ.’ ದೊಡ್ಡ ಮನಸ್ಸು, ಅನುಮಾನವಿಲ್ಲ. ಆದರೆ ಶಿಲ್ಪದ ಮುಂದೆ ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಹೊರಡಬೇಕು ಎನ್ನುವುದು ಆಗ ಆ ನಾಲ್ವರ ಬಿಡುವಿಗೆ ಬಿಟ್ಟ ಮಾತು. ಬ್ಯಾಟರಿ ಗಾಡಿಯಾದರೆ ಅವರಿಗೂ ಎತ್ತುವುದು ಕಷ್ಟ.

ಇಲ್ಲಿ ನೋಡಬೇಕಾದದ್ದು ಗಾಜಿನ ಪೆಟ್ಟಿಗೆಗಿಂತ ಗುಡಿಗಳಲ್ಲೇ ಹೆಚ್ಚು. ಹಾವೇರಿಯ ಸಿದ್ಧೇಶ್ವರ, ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ತುಂಗಭದ್ರೆಯ ದಡದ ಮುಕ್ತೇಶ್ವರ. ಹಳೆಯ ಕಲ್ಲಿನ ಹೊಸ್ತಿಲನ್ನು ಕಡಿಯಲಾಗದು, ಕಡಿಯಲೂಬಾರದು. ಬೇಕೆಂದಾಗ ಇಟ್ಟು ತೆಗೆಯುವ ಮರದ ಹಲಗೆ ಸಾಕು. ಚಾಲುಕ್ಯ ಶೈಲಿಯ ಗುಡಿಗಳ ಸೊಬಗು ಅರ್ಧಕ್ಕರ್ಧ ಹೊರಗೋಡೆಯಲ್ಲಿದೆ. ಸುತ್ತಲೂ ಗಾಲಿ ಹೂಳದ ಗಟ್ಟಿ ದಾರಿಯೊಂದಿದ್ದರೆ, ಒಳಗೆ ಹೋಗಲಾಗದವರೂ ಅದನ್ನು ತಮ್ಮಷ್ಟಕ್ಕೆ ತಾವೇ ನೋಡಬಹುದು.

ಹೊರಡುವ ಮುನ್ನ ಫೋನಿನಲ್ಲಿ ‘ರ‍್ಯಾಂಪ್ ಐತೇನ್ರಿ?’ ಎಂದು ಕೇಳಿ ನಿಲ್ಲಿಸಬೇಡಿ. ಬೈಕ್ ಹತ್ತಿಸಲು ಹಾಕಿದ ಸಿಮೆಂಟ್ ದಿಣ್ಣೆಗೂ ರ‍್ಯಾಂಪ್ ಎನ್ನುವವರಿದ್ದಾರೆ. ನಿಯಮದ ಲೆಕ್ಕ ಒಂದಕ್ಕೆ ಹನ್ನೆರಡು: ಒಂದೂವರೆ ಅಡಿ ಎತ್ತರದ ಕಟ್ಟೆಗೆ 18 ಅಡಿ ಉದ್ದದ ಇಳಿಜಾರು. ಮೆಟ್ಟಿಲು ಎಷ್ಟು, ಬಾಗಿಲು ಎಷ್ಟು ಅಗಲ, ಶೌಚಾಲಯದೊಳಗೆ ಗಾಡಿ ತಿರುಗುತ್ತದೆಯೇ ಎಂದು ಕೇಳಿ. ಇಂಥ ಪ್ರಶ್ನೆಗೆ ‘ಅಡ್ಜಸ್ಟ್ ಮಾಡ್ಕೋಬಹುದ್ರಿ’ ಎಂದು ಜಾರಿಕೊಳ್ಳಲು ಬರುವುದಿಲ್ಲ.

ಕಾನೂನಂತೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಳೆಯ ಸಾರ್ವಜನಿಕ ಕಟ್ಟಡಗಳಿಗೆ ಐದು ವರ್ಷ ಗಡುವು ಕೊಟ್ಟಿತ್ತು; ನಿಯಮಗಳು ಬಂದದ್ದು 2017ರಲ್ಲಿ, ಗಡುವು ಮುಗಿದದ್ದು 2022ರಲ್ಲಿ. ರಾಜೀವ್ ರಾತುರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಬರೀ ಸಲಹೆಯಂತಿರುವ ನಿಯಮ ನಡೆಯದು, ಕಡ್ಡಾಯವಾದವನ್ನು ಮೂರು ತಿಂಗಳಲ್ಲಿ ರೂಪಿಸಿ ಎಂದು ಕೇಂದ್ರಕ್ಕೆ ಹೇಳಿತು.

ಮುಕ್ತೇಶ್ವರ ಕಟ್ಟಿದವರನ್ನು ಈಗ ಕೇಳುವಂತಿಲ್ಲ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ ಕನಕದಾಸರ ನೆನಪಿಗೆ ಈಚಿನ ವರ್ಷಗಳಲ್ಲಿ ಕಟ್ಟಿದ್ದಕ್ಕೆ, ಇನ್ನು ಕಟ್ಟುವುದಕ್ಕೆ ಆ ವಿನಾಯಿತಿ ಇಲ್ಲ. ನಕ್ಷೆಗೆ ಸಹಿ ಹಾಕುವವರನ್ನೇ ಕೇಳಬಹುದು.