ದನಿ ಗುಂಯ್‌ಗುಟ್ಟಿದರೆ ಮೊದಲು ಕೋಣೆ ನೋಡಿ

ಅಜ್ಜಿಯನ್ನು ಹಾಲ್‌ನಲ್ಲಿ ಕೂರಿಸಿ ಸೋಬಾನೆ ಪದಗಳನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದೆ. ಆಮೇಲೆ ಕೇಳಿದರೆ ಬಾವಿಯೊಳಗಿಂದ ಹಾಡಿದ ಹಾಗಿತ್ತು. ಮೊಬೈಲ್ ಕೆಟ್ಟಿರಲಿಲ್ಲ. ಟೈಲ್ಸ್ ನೆಲ, ಬೋಳು ಗೋಡೆ, ಗಾಜಿನ ಕಿಟಕಿ: ತಪ್ಪು ಹಾಲ್‌ನದು.

ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಗೋಡೆ 17 ಮೀಟರ್‌ಗಿಂತ ದೂರವಿದ್ದರೆ ಹೋಗಿಬಂದ ದನಿ ಬೇರೆಯಾಗಿಯೇ ಕೇಳುತ್ತದೆ. ಇದು ಎಕೋ, ಅಂದರೆ ಪ್ರತಿಧ್ವನಿ. ವಿಜಯಪುರದ ಗೋಲಗುಮ್ಮಟದಲ್ಲಿ ಕೂಗಿ ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮನೆಯ ಕೋಣೆ ಅಷ್ಟು ದೊಡ್ಡದಲ್ಲ. ಇಲ್ಲಿ ಮರಳಿದ ದನಿ ಬೇಗ ಬಂದು ಮೂಲ ದನಿಗೇ ಬಾಲದಂತೆ ಅಂಟಿಕೊಳ್ಳುತ್ತದೆ. ಇದು ರಿವರ್ಬ್, ಕನ್ನಡದಲ್ಲಿ ಅನುರಣನ. ಎದುರು ಕೂತು ಕೇಳುವಾಗ ನಮ್ಮ ಕಿವಿ, ಮಿದುಳು ಸೇರಿ ಇದನ್ನು ಬದಿಗೊತ್ತುತ್ತವೆ. ಮೈಕ್‌ಗೆ ಆ ಜಾಣತನವಿಲ್ಲ.

ಒಮ್ಮೆ ಚಪ್ಪಾಳೆ ತಟ್ಟಿ. ‘ಟಪ್’ ಎಂದು ನಿಂತರೆ ಕೋಣೆ ಸರಿ. ‘ಟಂಯ್’ ಎಂದು ಎಳೆದರೆ ಬೇರೆ ಕೋಣೆ ಹುಡುಕಿ.

ಮೊದಲ ಮದ್ದು ಬಿಟ್ಟಿ: ಮೊಬೈಲನ್ನು ಬಾಯಿಂದ ಒಂದು ಗೇಣು ದೂರಕ್ಕೆ ತನ್ನಿ. ದೂರ ಅರ್ಧವಾದರೆ ನೇರ ದನಿ ಸುಮಾರು 6 ಡೆಸಿಬೆಲ್ (ಡೆಸಿಬೆಲ್ ದನಿಯ ಬಲದ ಅಳತೆ) ಏರುತ್ತದೆ; ಗೋಡೆಯಿಂದ ಬಂದದ್ದು ಹೆಚ್ಚುಕಮ್ಮಿ ಇದ್ದಷ್ಟೇ ಇರುತ್ತದೆ. ತುಸು ಪಕ್ಕಕ್ಕಿಡಿ. ಬಾಯಿಗೆ ನೇರವಿದ್ದರೆ ‘ಪ’, ‘ಭ’ ಬಂದಾಗಲೆಲ್ಲ ಉಸಿರು ಮೈಕ್‌ಗೆ ಬಡಿಯುತ್ತದೆ.

ಆಮೇಲೆ ಮಲಗುವ ಕೋಣೆಗೆ ಹೋಗಿ. ಹಾಸಿಗೆ, ದಿಂಬು, ಬಟ್ಟೆ ತುಂಬಿದ ತೆರೆದ ಬೀರು ದನಿಯನ್ನು ಹೀರುತ್ತವೆ. ಕೌದಿ ಇದ್ದರೆ ಗೋಡೆಗೆ ತಾಗದಂತೆ ಅಂಗೈಯಗಲ ಬಿಟ್ಟು ಹಗ್ಗಕ್ಕೆ ಹಾಕಿ. ಆ ಸಂದು ಇದ್ದರೆ ಇನ್ನೂ ಚೆನ್ನಾಗಿ ಹೀರುತ್ತದೆ. ಮೊಟ್ಟೆ ಟ್ರೇ ಅಂಟಿಸಬಹುದೇ ಎಂದು ಕೇಳುವವರಿದ್ದಾರೆ. ಬೇಡ, ಗೋಡೆಯ ಅಂದ ಕೆಡುವುದೊಂದೇ ಲಾಭ.

ಮೈಕ್ ಬೇಕೇ ಬೇಕೆಂದರೆ, ಅಂಗಿಗೆ ಸಿಕ್ಕಿಸುವ ವೈರ್ ಇರುವ ಕಾಲರ್ ಮೈಕ್ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಇಲ್ಲವೇ ಆನ್‌ಲೈನ್‌ನಲ್ಲಿ ಕೊಳ್ಳಬಹುದು. ನಿಮ್ಮ ಮೊಬೈಲ್‌ಗೆ ಯಾವ ಪಿನ್ ಕೂರುತ್ತದೆಂದು ಮೊದಲೇ ನೋಡಿಕೊಳ್ಳಿ.

ಕಂಪ್ಯೂಟರ್‌ನಲ್ಲಿ ಸರಿಮಾಡಿದರಾಯಿತಲ್ಲ? ಅರ್ಧ ನಿಜ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ನಾಯ್ಸ್ ರಿಡಕ್ಷನ್, ಅಂದರೆ ಗದ್ದಲ ತಗ್ಗಿಸುವ ಸೌಲಭ್ಯವಿದೆ. ಫ್ಯಾನಿನ ಒಂದೇ ಸಮನೆಯ ಸದ್ದನ್ನು ಅದು ತಗ್ಗಿಸುತ್ತದೆ. ಅದಕ್ಕೆ ಆ ಸದ್ದಿನ ಮಾದರಿ ಬೇಕು, ಹಾಗಾಗಿ ರೆಕಾರ್ಡಿಂಗ್ ಶುರುವಿನಲ್ಲಿ ಎರಡು ಮೂರು ಸೆಕೆಂಡ್ ಸುಮ್ಮನಿರಿ. ರಿವರ್ಬ್ ಹಾಗಲ್ಲ. ಅದು ಹಾಡುವವರದೇ ದನಿ. ಹಾಲಿಗೆ ಬೆರೆತ ನೀರನ್ನು ತೆಗೆದಷ್ಟೇ ಕಷ್ಟ.

ಎರಡನೇ ಸಲ ಅಜ್ಜಿಯನ್ನು ಬೀರು ಮುಂದೆ ಕೂರಿಸಿ ಫ್ಯಾನ್ ಆರಿಸಿದೆ. ಸೆಕೆಗೆ ಬೈದುಕೊಂಡೇ ಹಾಡಿದರು. ಬೈಗುಳವೂ ಸ್ಪಷ್ಟವಾಗಿ ಬಂದಿದೆ.