ಗಾಜಿನ ತೊಟ್ಟಿಯ ಸಿಡುಕು ಮೀನು

ಮನೆಯಲ್ಲಿ ಅಕ್ವೇರಿಯಂ ಬೇಕೆಂದು ಹಠ ಹಿಡಿಯುವವರು ಸಾಮಾನ್ಯವಾಗಿ ಮಕ್ಕಳು. ಅದನ್ನು ಕೊಂಡು ತರುವವರು ಮನೆಯ ಯಜಮಾನರು. ಆದರೆ ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಆಹಾರ ಹಾಕುವ, ನೀರು ಬದಲಿಸುವ, ಕರೆಂಟು ಹೋದಾಗ ಗಾಬರಿಪಡುವ ಕೆಲಸವೆಲ್ಲ ಮನೆಯೊಡತಿಯ ಪಾಲಿಗೆ ಬಂದಿರುತ್ತದೆ. ಗಪ್ಪಿಯಂತಹ ಸಾಧು ಮೀನುಗಳಾದರೆ ಹೇಗೋ ನಡೆದುಹೋಗುತ್ತದೆ. ಅಂಗಡಿಯಲ್ಲಿ ಎರಡು ಇಂಚಿನ ಮರಿಯಾಗಿದ್ದಾಗ ಚೆಂದ ಕಂಡ ಮೀನು ಆರು ತಿಂಗಳಲ್ಲಿ ಅಂಗೈಗಿಂತ ದೊಡ್ಡದಾಗಿ ಬೆಳೆದು, ಜೊತೆಯಲ್ಲಿದ್ದ ಚಿಕ್ಕ ಮೀನುಗಳನ್ನು ಒಂದೊಂದಾಗಿ ನುಂಗಿ, ಉಳಿದವನ್ನು ಕಚ್ಚಿ ಓಡಿಸತೊಡಗಿದರೆ ಏನು ಮಾಡುವುದು? "ಉಮ್ಮಾ, ಈ ಮೀನು ಕೆಟ್ಟದ್ದು" ಎಂದು ಮಕ್ಕಳು ದೂರುತ್ತಾರೆ. ಕೊನೆಗೊಂದು ದಿನ ಆ ಮೀನು ಸಾಯುತ್ತದೆ ಅಥವಾ ಹತ್ತಿರದ ಕೆರೆ ಸೇರುತ್ತದೆ.

ನಿಜವಾಗಿ ಆ ಮೀನು ಕೆಟ್ಟದ್ದೇ? ಅದರ ಸ್ವಭಾವವನ್ನು ಸ್ವಲ್ಪ ತಿಳಿದುಕೊಂಡರೆ ಈ ಪ್ರಶ್ನೆಗೆ ಬೇರೆಯೇ ಉತ್ತರ ಸಿಗುತ್ತದೆ.

ಯಾವುವು ಈ ಮೀನುಗಳು?

ಹೀಗೆ ದೂರಿಗೆ ಗುರಿಯಾಗುವ ಮೀನುಗಳಲ್ಲಿ ಹಲವು ಅಮೆರಿಕ ಖಂಡಗಳ ಸಿಕ್ಲಿಡ್ ಕುಟುಂಬಕ್ಕೆ ಸೇರಿದವು. ನಮ್ಮ ಅಂಗಡಿಗಳಲ್ಲಿ ಹೆಚ್ಚು ಕಾಣುವುದು ಆಸ್ಕರ್. ಇದು ದಕ್ಷಿಣ ಅಮೆರಿಕದ ಅಮೆಜಾನ್ ನದಿ ಪ್ರದೇಶದ ಮೀನು. ಬಾಲದ ಬುಡದಲ್ಲಿ ಕಣ್ಣಿನಂತಹ ಒಂದು ಚುಕ್ಕೆ ಇದರ ಗುರುತು. ಮೈಮೇಲೆ ಕಪ್ಪು ಪಟ್ಟೆಗಳಿರುವ ಪುಟ್ಟ ಕಾನ್ವಿಕ್ಟ್ ಸಿಕ್ಲಿಡ್ ಮಧ್ಯ ಅಮೆರಿಕದ್ದು. 1919ರಿಂದ 1926ರವರೆಗೆ ವಿಶ್ವ ಹೆವಿವೇಯ್ಟ್ ಚಾಂಪಿಯನ್ ಆಗಿದ್ದ ಬಾಕ್ಸರ್ ಜಾಕ್ ಡೆಂಪ್ಸಿಯ ಹೆಸರನ್ನೇ ಇನ್ನೊಂದು ಸಿಕ್ಲಿಡ್‌ಗೆ ಇಟ್ಟಿದ್ದಾರೆ ಎಂದರೆ ಅದರ ಗುಣ ಎಂಥದ್ದೆಂದು ಊಹಿಸಬಹುದು.

ಹಣೆಯಲ್ಲಿ ದೊಡ್ಡ ಉಬ್ಬಿರುವ ಫ್ಲವರ್‌ಹಾರ್ನ್ ಕೂಡ ಇದೇ ಬಳಗದ್ದು. ಆದರೆ ಇದು ಯಾವ ನದಿಯಲ್ಲೂ ತಾನಾಗಿ ಹುಟ್ಟಿದ ಮೀನಲ್ಲ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಅಮೆರಿಕದ ಸಿಕ್ಲಿಡ್‌ಗಳನ್ನು ಬೆರಕೆ ಮಾಡಿ ಸೃಷ್ಟಿಸಿದ ತಳಿ. ಇದು ಮನೆಗೆ ಅದೃಷ್ಟ ತರುತ್ತದೆಂದು ನಂಬಿಸಿ ದುಬಾರಿ ಬೆಲೆಗೆ ಮಾರುವವರಿದ್ದಾರೆ. ಹಣೆಯ ಉಬ್ಬಿಗೂ ಮನೆಯ ಅದೃಷ್ಟಕ್ಕೂ ಯಾವ ಸಂಬಂಧವೂ ಇಲ್ಲ.

ಸಿಟ್ಟಿಗೆ ಕಾರಣವೇನು?

ಹೆಚ್ಚಿನ ಮೀನುಗಳು ಮೊಟ್ಟೆಯಿಟ್ಟು ತಮ್ಮ ದಾರಿ ಹಿಡಿಯುತ್ತವೆ. ಸಿಕ್ಲಿಡ್‌ಗಳು ಹಾಗಲ್ಲ. ಕಾನ್ವಿಕ್ಟ್ ಸಿಕ್ಲಿಡ್‌ನ ಗಂಡು ಹೆಣ್ಣುಗಳೆರಡೂ ಕಲ್ಲಿನ ಸಂದಿಯನ್ನು ಶುಚಿಗೊಳಿಸಿ ಅಲ್ಲಿ ಮೊಟ್ಟೆಗಳನ್ನು ಕಾಯುತ್ತವೆ. ಈಜುರೆಕ್ಕೆಗಳನ್ನು ಬೀಸಣಿಗೆಯಂತೆ ಆಡಿಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುತ್ತವೆ. ಮರಿಗಳು ಹೊರಬಂದ ಮೇಲೂ ಕೋಳಿ ತನ್ನ ಮರಿಗಳನ್ನು ಕರೆದೊಯ್ಯುವಂತೆ ಅವುಗಳೊಂದಿಗೆ ವಾರಗಟ್ಟಲೆ ಸುತ್ತುತ್ತವೆ. ಆ ದಿನಗಳಲ್ಲಿ ತನಗಿಂತ ದೊಡ್ಡ ಮೀನು ಬಂದರೂ ಎದುರಿಸಿ ನಿಲ್ಲುತ್ತವೆ. ನಾವು ಜಗಳಗಂಟತನ ಎನ್ನುವುದರ ಮೂಲ ಇಲ್ಲಿದೆ. ಅದು ತನ್ನ ಜಾಗವನ್ನೂ ಸಂತಾನವನ್ನೂ ಕಾಯುವ ಗುಣ.

ನದಿಯಲ್ಲಿ ಸೋತ ಮೀನು ದೂರ ಓಡಿಹೋಗುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ಎರಡಡಿಯ ಗಾಜಿನ ಪೆಟ್ಟಿಗೆಯಲ್ಲಿ ಅದು ಓಡುವುದೆಲ್ಲಿಗೆ? ಅಮೆರಿಕದ ಜೀವವಿಜ್ಞಾನಿ ರೊನಾಲ್ಡ್ ಓಲ್ಡ್‌ಫೀಲ್ಡ್ ನಿಕರಾಗುವಾದ ಮೈಡಾಸ್ ಸಿಕ್ಲಿಡ್ ಕುರಿತು ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ತೊಟ್ಟಿ ವಿಶಾಲವಾಗಿದ್ದು ಅಡಗುತಾಣಗಳಿದ್ದರೆ ಈ ಮೀನಿನ ಆಕ್ರಮಣ ಕಡಿಮೆಯಾಗುತ್ತದೆ ಎಂಬುದು ಅದರಲ್ಲಿ ಕಂಡುಬಂತು. ಹುಟ್ಟುಗುಣ ಮೀನಿನದೇ ಆದರೂ ಅದನ್ನು ಕೆರಳಿಸುವ ಇಕ್ಕಟ್ಟು ನಾವು ಕೊಟ್ಟದ್ದು.

ತೊಟ್ಟಿ ಎಷ್ಟು ದೊಡ್ಡದಿರಬೇಕು?

ಆಸ್ಕರ್ ಒಂದು ಅಡಿಯಷ್ಟು ಬೆಳೆಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಸಾಮಾನ್ಯ ತೊಟ್ಟಿಯಲ್ಲಿ ಹಿಡಿಯುವುದು ಸುಮಾರು 56 ಲೀಟರ್ ನೀರು. ಬೆಳೆದ ಆಸ್ಕರ್‌ಗೆ ಅದರಲ್ಲಿ ಹೊರಳಲೂ ಜಾಗ ಸಾಲದು. ಒಂದೇ ಒಂದು ಆಸ್ಕರ್‌ಗಾದರೂ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಬೇಕು. ಇದರಲ್ಲಿ ಸುಮಾರು 340 ಲೀಟರ್ ನೀರು ಹಿಡಿಯುತ್ತದೆ. ನೀರೊಂದೇ 340 ಕಿಲೋ ತೂಗುತ್ತದೆ. ಗಾಜು, ಕಲ್ಲು ಸೇರಿದರೆ 400 ಕಿಲೋ ದಾಟುತ್ತದೆ. ಹಳೆಯ ಮೇಜಿನ ಮೇಲೆ ಇಡುವ ವಸ್ತು ಇದಲ್ಲ. ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡ್ ಬೇಕು.

ಇಷ್ಟು ಜಾಗವಿಲ್ಲದಿದ್ದರೆ ಆಸ್ಕರ್ ಬೇಡ. ಸಿಕ್ಲಿಡ್‌ಗಳ ಸಂಸಾರವನ್ನು ಮಕ್ಕಳಿಗೆ ತೋರಿಸಬೇಕೆಂಬ ಆಸೆಯಿದ್ದರೆ ನಾಲ್ಕೈದು ಇಂಚು ಮಾತ್ರ ಬೆಳೆಯುವ ಕಾನ್ವಿಕ್ಟ್ ಜೋಡಿಗೆ ಮೂರಡಿಯ ತೊಟ್ಟಿ ಸಾಕಾಗುತ್ತದೆ. ಅದರೊಂದಿಗೆ ಬೇರೆ ಮೀನು ಮಾತ್ರ ಬೇಡ.

ತೊಟ್ಟಿಗೆ ಭಾರವಾದ ಮುಚ್ಚಳ ಅಗತ್ಯ, ಈ ಮೀನುಗಳು ಜಿಗಿಯುತ್ತವೆ. ನೆಲವನ್ನು ಅಗೆಯುವುದು ಅವುಗಳ ಅಭ್ಯಾಸ. ಆದ್ದರಿಂದ ದೊಡ್ಡ ಕಲ್ಲುಗಳನ್ನು ಮರಳಿನ ಮೇಲಿಡದೆ ತೊಟ್ಟಿಯ ತಳಕ್ಕೇ ತಾಗಿಸಿಡಿ. ಇಲ್ಲದಿದ್ದರೆ ಕಲ್ಲು ಉರುಳಿ ಗಾಜು ಒಡೆಯಬಹುದು.

ನೀರಿನ ಲೆಕ್ಕಾಚಾರ

ದೊಡ್ಡ ಮೀನು ಹೆಚ್ಚು ತಿನ್ನುತ್ತದೆ, ಹೆಚ್ಚು ಗಲೀಜು ಮಾಡುತ್ತದೆ. ಮಲ ಮತ್ತು ಮಿಕ್ಕ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದು ಮೀನಿಗೆ ವಿಷ. ಫಿಲ್ಟರ್‌ನ ಸ್ಪಂಜಿನಲ್ಲಿ ಬೆಳೆಯುವ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ಬಳಿಕ ಕಡಿಮೆ ಅಪಾಯದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಬೆಳಿಗ್ಗೆ ತೊಟ್ಟಿ ತಂದು ಸಂಜೆ ಮೀನು ಬಿಟ್ಟವರ ಮೀನುಗಳು ಸಾಯುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಉಳಿದ ನೈಟ್ರೇಟನ್ನು ತೆಗೆಯಲು ನಾವು ವಾರಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ನೀರು ಬದಲಿಸಬೇಕು. ಪೂರ್ತಿ ನೀರು ಚೆಲ್ಲಿ ತೊಟ್ಟಿಯನ್ನು ಸೋಪಿನಿಂದ ತೊಳೆಯುವುದು ಶುಚಿತ್ವವಲ್ಲ, ಅದು ಮೀನಿಗೆ ಮಾಡುವ ಅಪಚಾರ. ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆದರೆ ಕ್ಲೋರಿನ್‌ನಿಂದ ಬ್ಯಾಕ್ಟೀರಿಯಾ ಸಾಯುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದನ್ನು ಹಿಂಡಿ ತೊಳೆಯಿರಿ. ಪೇಟೆಯ ನಲ್ಲಿ ನೀರಾದರೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಹಾಕಿ ಬಳಸಿ. ಈ ಕೆಲಸಕ್ಕೆ ಪ್ರತ್ಯೇಕ ಬಕೆಟ್ ಇರಲಿ.

ನೀರಿನ ಉಷ್ಣತೆ 24ರಿಂದ 28 ಡಿಗ್ರಿ ಇದ್ದರೆ ಒಳ್ಳೆಯದು. ಕರಾವಳಿಯ ಸೆಕೆಯಲ್ಲಿ ಸಾಮಾನ್ಯವಾಗಿ ಹೀಟರ್ ಬೇಕಾಗದು. ಮಡಿಕೇರಿ, ಚಿಕ್ಕಮಗಳೂರಿನ ಚಳಿಗೆ ಬೇಕು. ದೊಡ್ಡ ಸಿಕ್ಲಿಡ್‌ಗಳು ಗಾಜಿನ ಹೀಟರನ್ನು ಗುದ್ದಿ ಒಡೆಯುವುದುಂಟು. ಆದ್ದರಿಂದ ಅದಕ್ಕೆ ರಕ್ಷಾಕವಚವಿರಲಿ. ನೀರಿಗೆ ಕೈ ಹಾಕುವ ಮುನ್ನ ಎಲ್ಲ ಸ್ವಿಚ್ಚುಗಳನ್ನು ಆರಿಸಿ. ಮಕ್ಕಳಿಗೂ ಇದನ್ನು ಕಡ್ಡಾಯವಾಗಿ ಕಲಿಸಿ. ದೀರ್ಘ ಹೊತ್ತು ಕರೆಂಟು ಹೋಗುವ ಊರುಗಳಲ್ಲಿ ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳುವುದು ಜಾಣತನ.

ಆಹಾರ ಮತ್ತು ಜೊತೆಗಾರರು

ಆಸ್ಕರ್ ಮನೆಯವರನ್ನು ಕಂಡೊಡನೆ ಗಾಜಿನ ಬಳಿ ಬಂದು ಆಹಾರ ಬೇಡುತ್ತದೆ. ಅದನ್ನು ನೋಡಿ ಮನಸ್ಸು ಕರಗಿ ದಿನಕ್ಕೆ ನಾಲ್ಕು ಬಾರಿ ತಿನ್ನಿಸುವವರಿದ್ದಾರೆ. ಬೆಳೆದ ಮೀನಿಗೆ ದಿನಕ್ಕೊಮ್ಮೆ, ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಗುಳಿಗೆ ಆಹಾರ ಸಾಕು. ಆಗಾಗ ಸಿಪ್ಪೆ ಸುಲಿದ ಸೀಗಡಿಯ ತುಂಡು ಕೊಡಬಹುದು. ಕುರಿ, ದನದ ಮಾಂಸದ ಕೊಬ್ಬು ಅದಕ್ಕೆ ಒಗ್ಗುವುದಿಲ್ಲ. ತಮಾಷೆ ನೋಡಲೆಂದು ಜೀವಂತ ಗೋಲ್ಡ್‌ಫಿಶ್ ಹಾಕುವ ಅಭ್ಯಾಸವೂ ಬೇಡ. ಅವುಗಳೊಂದಿಗೆ ರೋಗವೂ ತೊಟ್ಟಿಗೆ ಬರುತ್ತದೆ. ನೀರು ಕೆಟ್ಟು, ಪೋಷಣೆ ತಪ್ಪಿದ ಆಸ್ಕರ್‌ಗಳ ತಲೆಯಲ್ಲಿ ಸಣ್ಣ ಗುಳಿಗಳು ಕಾಣಿಸಿಕೊಳ್ಳುವುದುಂಟು. ಹಾಗಾದಾಗ ಔಷಧದ ಬಾಟಲಿಗಿಂತ ಮೊದಲು ನೀರಿನ ಕಡೆ ಗಮನ ಕೊಡಿ.

ಸಿಟ್ಟಿನ ಮೀನಿಗೆ ಒಂಟಿತನವೇ ಸುರಕ್ಷಿತ. ಫ್ಲವರ್‌ಹಾರ್ನ್ ಅಂತೂ ಒಂದೇ ಇರಲಿ. ಬೇರೊಂದನ್ನು ಸೇರಿಸಲೇಬೇಕೆಂದರೆ ಮೊದಲು ತೊಟ್ಟಿಯೊಳಗಿನ ಕಲ್ಲುಗಳ ಜಾಗ ಬದಲಿಸಿ. ಹಳೆಯ ಮೀನು ಹಾಕಿಕೊಂಡ ಗಡಿ ಅಳಿಸಿ, ಎರಡೂ ಹೊಸಬರಾಗುತ್ತವೆ. ಒಂದು ಮೀನು ಸದಾ ಮೂಲೆ ಸೇರಿ, ರೆಕ್ಕೆ ಹರಿದು, ಕಿವಿರುಗಳನ್ನು ವೇಗವಾಗಿ ಬಡಿಯುತ್ತಿದ್ದರೆ ನಾಳೆ ನೋಡೋಣ ಎನ್ನಬೇಡಿ. ಅಂದೇ ಬೇರ್ಪಡಿಸಿ. ನಾಳೆಗೆ ಅದು ಬದುಕಿರಲಾರದು.

ಕೆರೆಗೆ ಬಿಡಬೇಡಿ

ಸಾಕಲಾಗದ ಮೀನನ್ನು ಕೆರೆಗೋ ಹೊಳೆಗೋ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ಭಾವಿಸುವವರು ಕಡಿಮೆಯಿಲ್ಲ. ಆದರೆ ಅಮೆರಿಕದ ಫ್ಲೋರಿಡಾದ ಕಾಲುವೆಗಳಲ್ಲಿ, ತನ್ನದಲ್ಲದ ನಾಡಿನಲ್ಲಿ, ಆಸ್ಕರ್ ಇಂದು ಬೇರೂರಿದೆ. ನಮ್ಮಲ್ಲೇ 1952ರಲ್ಲಿ ತಂದ ಆಫ್ರಿಕದ ತಿಲಾಪಿಯಾ ಇಂದು ಎಷ್ಟೋ ಕೆರೆಗಳನ್ನು ಆಕ್ರಮಿಸಿಕೊಂಡಿದೆ. ಅದೂ ಸಿಕ್ಲಿಡ್ ಕುಟುಂಬದ್ದೇ.

ಇನ್ನೊಂದು ಸಂಗತಿ ನಮ್ಮವರಲ್ಲಿ ಹಲವರಿಗೆ ಗೊತ್ತಿಲ್ಲ. ಭಾರತಕ್ಕೂ ತನ್ನದೇ ಆದ ಮೂರು ಸಿಕ್ಲಿಡ್‌ಗಳಿವೆ. ಕೇರಳದವರು ಇಷ್ಟಪಡುವ ಕರಿಮೀನು ಅವುಗಳಲ್ಲೊಂದು. ಇನ್ನೊಂದರ ವೈಜ್ಞಾನಿಕ ಹೆಸರೇ ಎಟ್ರೋಪ್ಲಸ್ ಕ್ಯಾನರೆನ್ಸಿಸ್, ಅಂದರೆ ಕೆನರಾದ ಮೀನು. 1877ರಲ್ಲಿ ಫ್ರಾನ್ಸಿಸ್ ಡೇ ಎಂಬ ವಿಜ್ಞಾನಿ ದಕ್ಷಿಣ ಕೆನರಾದ ಹೆಸರಿನಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿದರು. ನಮ್ಮ ಹೊಳೆಗಳನ್ನು ಬಿಟ್ಟರೆ ಜಗತ್ತಿನಲ್ಲಿ ಅದಕ್ಕೆ ಹೆಚ್ಚಿನ ನೆಲೆಯಿಲ್ಲ. ಒಂದಡಿಯ ಹಸಿದ ಆಸ್ಕರ್‌ನ ಎದುರು ಅದರ ಮರಿಗಳ ಗತಿ ಏನಾದೀತು?

ಆದ್ದರಿಂದ ಸಾಕಲಾಗದಿದ್ದರೆ ಅಂಗಡಿಗೇ ಮರಳಿಸಿ ಅಥವಾ ದೊಡ್ಡ ತೊಟ್ಟಿಯಿರುವವರಿಗೆ ಕೊಟ್ಟುಬಿಡಿ. ಅದಕ್ಕಿಂತ ಒಳ್ಳೆಯದು, ಕೊಳ್ಳುವ ಮೊದಲೇ ಅಂಗಡಿಯವರಲ್ಲಿ ಎರಡು ಪ್ರಶ್ನೆ ಕೇಳುವುದು: ಇದು ಎಷ್ಟು ದೊಡ್ಡದಾಗುತ್ತದೆ? ಎಷ್ಟು ವರ್ಷ ಬದುಕುತ್ತದೆ? ಹಠ ಹಿಡಿದ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಕೇಳಿ. ಒಂದು ಜೀವವನ್ನು ಮನೆಗೆ ತರುವುದೆಂದರೆ ಅದರ ಹತ್ತು ವರ್ಷಗಳ ಹೊಣೆಯನ್ನೂ ತರುವುದೆಂದು ಆ ಉತ್ತರದಿಂದಲೇ ಮಗುವಿಗೆ ಮನದಟ್ಟಾದೀತು.